ಬೆಟ್ಟ ಹೊಲಿಯುವ ಕೆಲಸ

(ಚಿಕ್ಕಮಗಳೂರಿನಲ್ಲಿ ಒಂದು ಭಾನುವಾರ, ಫೋಟೋ ಹುಚ್ಚಿನ ಇಪ್ಪತ್ತು ಮೂವತ್ತು ಜನ ಸೇರಿದ್ದ ಕೂಟದಲ್ಲಿ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಪರದೆ ಮೇಲೆ ತೋರಿಸಿದ ಫೋಟೋಗಳನ್ನು ಇಲ್ಲಿ ಮಾತಿನಲ್ಲೇ ಹೇಳಿದ್ದೇನೆ.)

ಮೊದಲು ಈ ಫೋಟೋ ನೋಡಿ. ಸೀತಾಳಯ್ಯನಗಿರಿ ಕಡೆಯಿಂದ ಬೆಳಿಗ್ಗೆ ತೆಗೆದದ್ದು. ಪಕ್ಕಪಕ್ಕದ ಏಳು ಫೋಟೋ ಸೇರಿಸಿ ಮಾಡಿದ ಒಂದೇ ಅಗಲ ಫೋಟೋ, ಅಂದರೆ ಪನೋರಮಾ. ಬಣ್ಣ ಚೆನ್ನಾಗಿದೆ, ಮಂಜು ಚೆನ್ನಾಗಿದೆ. ಈಗ ಬಲಗಡೆ ನೋಡಿ. ಮುಳ್ಳಯ್ಯನಗಿರಿಗೆ ಎರಡು ತುದಿ ಇವೆ.

ನಗಬೇಡಿ. ಇದನ್ನು ನಾನು ನೋಡದೆ ಫೇಸ್‌ಬುಕ್ಕಿಗೂ ಹಾಕಿದ್ದೆ. ನಮ್ಮ ರಾಜ್ಯದ ಅತಿ ಎತ್ತರದ ಬೆಟ್ಟ, 1930 ಮೀಟರ್, ನನ್ನ ಕೈಗೆ ಸಿಕ್ಕಿ ಅವಳಿ ಬೆಟ್ಟ ಆಗಿತ್ತು. ಕೆಳಗಿನ ಹಳ್ಳಿಯವರೊಬ್ಬರು "ಇದು ಯಾವಾಗ ಬೆಳೀತು ಸ್ವಾಮಿ?" ಎಂದು ಕೇಳಿದ ಮೇಲೇ ನನಗೆ ಕಂಡದ್ದು.

ತಪ್ಪು ಹೇಗಾಯಿತು ಎಂದು ಆಮೇಲೆ ಕೂತು ಹುಡುಕಿದೆ. ಫೋಟೋಗಳನ್ನು ಸ್ಟಿಚ್ ಮಾಡುವ, ಅಂದರೆ ಹೊಲಿದ ಹಾಗೆ ಸೇರಿಸುವ ಸಾಫ್ಟ್‌ವೇರ್‌ಗೆ ಬೆಟ್ಟ ಯಾವುದು, ಮೋಡ ಯಾವುದು ಎಂದು ಗೊತ್ತಿಲ್ಲ. ಅದು ಎರಡು ಫೋಟೋಗಳಲ್ಲೂ ಒಂದೇ ತರ ಕಾಣುವ ಗುರುತುಗಳನ್ನು ಹುಡುಕುತ್ತದೆ. ಬಂಡೆಯ ಮೂಲೆ, ಕೊಂಬೆಯ ಕವಲು, ಕಿಟಕಿಯ ಅಂಚು, ಇಂಥವು. ಫೋಟೋ ಸ್ವಲ್ಪ ತಿರುಗಿದ್ದರೂ, ಚಿಕ್ಕದು ದೊಡ್ಡದು ಆಗಿದ್ದರೂ ಗುರುತು ಹಿಡಿಯುವ ಒಂದು ವಿಧಾನವನ್ನು ಡೇವಿಡ್ ಲೋ ಎಂಬ ವಿಜ್ಞಾನಿ 1999ರಲ್ಲಿ ಪ್ರಕಟಿಸಿದರು. ಅದಕ್ಕೆ ಸಿಫ್ಟ್ ಎಂದು ಹೆಸರು. 2003ರ ಹೊತ್ತಿಗೆ ಮ್ಯಾಥ್ಯೂ ಬ್ರೌನ್ ಮತ್ತು ಲೋ ಸೇರಿ, ಒಂದು ರಾಶಿ ಫೋಟೋ ಸುರಿದರೆ ಯಾವುದಕ್ಕೆ ಯಾವುದು ಅಂಟುತ್ತದೆ ಎಂದು ಕಂಪ್ಯೂಟರೇ ಕಂಡುಹಿಡಿಯುವ ಹಾಗೆ ಮಾಡಿದರು. ಅದಕ್ಕೆ ಮೊದಲು ಎಷ್ಟೋ ಸಲ ಗುರುತುಗಳನ್ನು ನಾವೇ ಮೌಸ್ ಹಿಡಿದು ಒಂದೊಂದಾಗಿ ಚುಚ್ಚಬೇಕಿತ್ತು.

ಸಿಕ್ಕ ಗುರುತುಗಳಲ್ಲಿ ಸುಳ್ಳು ಗುರುತುಗಳೂ ಇರುತ್ತವೆ. ಅವನ್ನು ಹೊರಹಾಕುವುದು ಒಂಥರಾ ವೋಟಿಂಗ್. ನಾಲ್ಕು ಗುರುತು ತೆಗೆದುಕೊಂಡು "ಫೋಟೋ ಇಷ್ಟು ತಿರುಗಿದೆ" ಎಂದು ಒಂದು ಲೆಕ್ಕ ಹಾಕುವುದು. ಉಳಿದ ಎಷ್ಟು ಗುರುತುಗಳು ಆ ಲೆಕ್ಕಕ್ಕೆ ಹೂಂ ಅನ್ನುತ್ತವೆ ಎಂದು ಎಣಿಸುವುದು. ಮತ್ತೆ ಬೇರೆ ನಾಲ್ಕು, ಮತ್ತೆ ಎಣಿಕೆ. ಜಾಸ್ತಿ ವೋಟು ಬಿದ್ದ ಲೆಕ್ಕ ಗೆಲ್ಲುತ್ತದೆ. ಇದರ ಹೆಸರು ರಾನ್ಸ್ಯಾಕ್, 1981ರದ್ದು. ಅವತ್ತು ಬೆಳಿಗ್ಗೆ ನನ್ನ ಫೋಟೋದಲ್ಲಿ ಬೆಟ್ಟದ ಅರ್ಧ ಮಂಜಿನಲ್ಲಿತ್ತು. ಮಂಜಿನಲ್ಲಿ ಗುರುತು ಸಿಗುವುದಿಲ್ಲ. ಮೇಲೆ ಮೋಡದ ಅಂಚುಗಳು ಮಾತ್ರ ಚೆನ್ನಾಗಿ ಕಾಣುತ್ತಿದ್ದವು. ಗಾಳಿಗೆ ಮೋಡ ಸರಿದಿತ್ತು. ಮೋಡಗಳ ವೋಟು ಜಾಸ್ತಿ ಆಯಿತು. ಸಾಫ್ಟ್‌ವೇರ್ ಮೋಡವನ್ನು ನಂಬಿ ಬೆಟ್ಟವನ್ನು ಸರಿಸಿಬಿಟ್ಟಿತು.

ಆಮೇಲೆ ಹ್ಯೂಗಿನ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಮೋಡದ ಗುರುತುಗಳನ್ನೆಲ್ಲ ಅಳಿಸಿ, ಬೆಟ್ಟದ ಮೇಲೆ ಆರೇಳು ಗುರುತು ಕೈಯಾರೆ ಇಟ್ಟೆ. ಎರಡನೇ ತುದಿ ಹೋಯಿತು. ಇಷ್ಟಕ್ಕೆ ನನ್ನ ಒಂದು ಸಂಜೆ ಹೋಯಿತು. ಅದನ್ನೇ ಮೊದಲು ಹೇಳಬೇಕು ಅಂದುಕೊಂಡೆ. ಜನ ನನ್ನನ್ನು ಕೇಳುವುದು ಯಾವಾಗಲೂ "ಯಾವ ಸಾಫ್ಟ್‌ವೇರ್ ಒಳ್ಳೇದು?" ಎಂದು. ಹ್ಯೂಗಿನ್ ಒಳ್ಳೆಯದು, ಪಿಟಿಗುಯಿ ಒಳ್ಳೆಯದು, ಲೈಟ್‌ರೂಮ್‌ನಲ್ಲಿ ಇರುವುದೂ ಸಾಕು. ಪನೋರಮಾ ಕೆಡುವುದು ಮನೆಯಲ್ಲಲ್ಲ, ಬೆಟ್ಟದ ಮೇಲೆ. ಕಾಲು ಎಲ್ಲಿಟ್ಟಿರಿ, ಕ್ಯಾಮೆರಾ ಹೇಗೆ ತಿರುಗಿಸಿದಿರಿ ಅನ್ನುವಲ್ಲಿ. ಇವತ್ತು ಜಾಸ್ತಿ ಅದರ ಬಗ್ಗೆಯೇ ಮಾತಾಡುತ್ತೇನೆ.

ನಮ್ಮಮ್ಮ ಬ್ಲೌಸ್ ಹೊಲಿಯುತ್ತಿದ್ದರು. ಬಟ್ಟೆ ಕತ್ತರಿಸುವಾಗ ಅಳತೆಗಿಂತ ಎರಡು ಬೆರಳು ಹೆಚ್ಚು ಬಿಡುತ್ತಿದ್ದರು. ಕತ್ತರಿ ಹಾಕಿದ ಮೇಲೆ ಬಟ್ಟೆ ಸಾಲದೆ ಬಂದರೆ ಯಾವ ಮಿಷನ್ನೂ ಏನೂ ಮಾಡಲಾರದು. ಪನೋರಮಾದಲ್ಲೂ ಪಕ್ಕಪಕ್ಕದ ಫೋಟೋಗಳು ಒಂದರ ಮೇಲೊಂದು ಬರುವ ಆ ಭಾಗ ಬೇಕು. ನಾನು ಮೂರರಲ್ಲೊಂದು ಭಾಗದಷ್ಟು ಬಿಡುತ್ತೇನೆ. ಕಾಲು ಭಾಗಕ್ಕಿಂತ ಕಡಿಮೆ ಬೇಡ. ಮಂಜಿದ್ದರೆ ಅರ್ಧವೇ ಇರಲಿ, ಗುರುತು ಸಿಗುವ ಅವಕಾಶ ಹೆಚ್ಚು.

ಒಂದು ಲೆಕ್ಕ ಹೇಳುತ್ತೇನೆ, ಬರೆದುಕೊಳ್ಳಿ. ಫುಲ್‌ಫ್ರೇಮ್ ಕ್ಯಾಮೆರಾ, ಅಂದರೆ ಹಳೆಯ 35 ಎಂಎಂ ಫಿಲ್ಮಿನಷ್ಟೇ ದೊಡ್ಡ ಸೆನ್ಸರ್ ಇರುವುದು, 50 ಎಂಎಂ ಲೆನ್ಸ್. ಕ್ಯಾಮೆರಾ ಉದ್ದುದ್ದ ಹಿಡಿಯಿರಿ, ಅಡ್ಡ ಅಲ್ಲ. ಉದ್ದ ಹಿಡಿದರೆ ಮೇಲೆ ಆಕಾಶ, ಕೆಳಗೆ ನೆಲ ಎರಡೂ ಸಿಗುತ್ತವೆ, ಆಮೇಲೆ ಅಂಚು ಕತ್ತರಿಸಲು ಜಾಗ ಇರುತ್ತದೆ. ಆಗ ಒಂದು ಫೋಟೋದ ಅಗಲ ಸುಮಾರು 27 ಡಿಗ್ರಿ. 30 ಪರ್ಸೆಂಟ್ ಒಂದರ ಮೇಲೊಂದು ಬರಲು ಬಿಟ್ಟರೆ ಒಂದೊಂದು ಸಲಕ್ಕೆ 19 ಡಿಗ್ರಿ ತಿರುಗಬೇಕು. ಒಂಬತ್ತು ಫೋಟೋಗೆ ಅರ್ಧ ಸುತ್ತು, ಅಂದರೆ 180 ಡಿಗ್ರಿ ಮುಗಿಯುತ್ತದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾ ಆದರೆ ಹೊಲಿದ ಮೇಲೆ ಅಡ್ಡಕ್ಕೆ 26 ಸಾವಿರ ಪಿಕ್ಸೆಲ್ ದಾಟುತ್ತದೆ. 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕೆಯಂತೆ, ಪ್ರಿಂಟ್ ಹಾಕಿಸಿದರೆ ಏಳು ಅಡಿಗೂ ಉದ್ದ. ನಮ್ಮ ಮನೆಯಲ್ಲಿ ಅದಕ್ಕೆ ಗೋಡೆ ಸಿಗಲಿಲ್ಲ, ಅದು ಬೇರೆ ಮಾತು.

ಈಗ ಎಲ್ಲರೂ ಹೆಬ್ಬೆರಳು ಮುಖದ ಮುಂದೆ ಹಿಡಿಯಿರಿ. ಎಡಗಣ್ಣು ಮುಚ್ಚಿ. ಈಗ ಬಲಗಣ್ಣು. ಬೆರಳು ಅತ್ತ ಇತ್ತ ಜಿಗಿಯಿತಲ್ಲ? ಬೆರಳು ಅಲ್ಲಾಡಲಿಲ್ಲ, ನೋಡುವ ಜಾಗ ಬದಲಾಯಿತು. ಇದೇ ಪ್ಯಾರಲಾಕ್ಸ್. ಹೊಲಿಗೆ ಬಿಚ್ಚಿಕೊಳ್ಳುವುದು ಬಹುಪಾಲು ಇದರಿಂದಲೇ.

ನಾವು ಕ್ಯಾಮೆರಾ ಕಣ್ಣಿಗೆ ಹಿಡಿದು ತಿರುಗುವಾಗ ತಿರುಗುವುದು ನಮ್ಮ ಬೆನ್ನುಮೂಳೆಯ ಸುತ್ತ. ಲೆನ್ಸ್ ಅಲ್ಲಿಂದ ಒಂದು ಗೇಣು ಮುಂದಿರುತ್ತದೆ. ಅಂದರೆ ಲೆನ್ಸ್ ತಿರುಗುವುದಿಲ್ಲ, ಗಾಣದ ಎತ್ತಿನ ಹಾಗೆ ಸುತ್ತು ಹಾಕುತ್ತದೆ. 25 ಸೆಂಟಿಮೀಟರ್ ಮುಂದಿದೆ ಅಂದುಕೊಳ್ಳಿ. 19 ಡಿಗ್ರಿ ತಿರುಗಿದಾಗ ಅದು ಸುಮಾರು 8 ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತದೆ. ಈ 8 ಸೆಂಟಿಮೀಟರ್ ಏನು ಮಾಡುತ್ತದೆ? ಆಗ ಹೇಳಿದ ಅದೇ ಕ್ಯಾಮೆರಾ, ಅದೇ ಲೆನ್ಸ್. ಒಂದು ಮೀಟರ್ ದೂರದ ಕಾಫಿ ರೆಂಬೆ, ಹಿಂದಿನ ಬೆಟ್ಟದ ಎದುರು 650ಕ್ಕೂ ಹೆಚ್ಚು ಪಿಕ್ಸೆಲ್ ಜಿಗಿಯುತ್ತದೆ. ನೂರು ಮೀಟರ್ ದೂರದ ಸಿಲ್ವರ್ ಮರ ಆರೇಳು ಪಿಕ್ಸೆಲ್. ಒಂದು ಕಿಲೋಮೀಟರ್ ಆಚೆಯದು ಒಂದು ಪಿಕ್ಸೆಲ್ಲೂ ಇಲ್ಲ.

ಹಾಗಾಗಿ ಬೆಟ್ಟದ ತುದಿಯಲ್ಲಿ ನಿಂತು ದೂರದ ಬೆಟ್ಟಸಾಲು ತೆಗೆಯುವವರಿಗೆ ಈ ತಲೆನೋವು ಇಲ್ಲವೇ ಇಲ್ಲ. ಕೈಯಲ್ಲಿ ಹಿಡಿದು ತೆಗೆಯಿರಿ, ಏನೂ ಆಗುವುದಿಲ್ಲ. ಆದರೆ ಮುಂದೆ ಒಂದು ಕಂಬಿ, ಒಂದು ಬೇಲಿ ಬಂದರೆ ಕತೆ ಮುಗಿಯಿತು. ಕಾಫಿ ತೋಟದ ಒಳಗಂತೂ ಕೇಳಲೇಬೇಡಿ. ಮಾರ್ಚ್‌ನಲ್ಲಿ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಆದಾಗ ನನಗೂ ಆಸೆ ಆಗುತ್ತದೆ. ಮುಖಕ್ಕೆ ತಾಗುವ ರೆಂಬೆ ಒಂದು ಕಡೆ, ಗಾಳಿ ಇನ್ನೊಂದು ಕಡೆ. ಐದು ವರ್ಷದಲ್ಲಿ ಒಂದೇ ಒಂದು ಸರಿಯಾಗಿ ಬಂದಿದೆ. ಅದೂ ಗಿಡಗಳಿಂದ ದೂರ, ಕಾಫಿ ಒಣಗಿಸುವ ಕಣದಲ್ಲಿ ನಿಂತು ತೆಗೆದದ್ದು.

ಹತ್ತಿರದ ವಸ್ತು ಇದ್ದಾಗ ಲೆನ್ಸನ್ನೇ ಗಾಲಿಯ ಅಚ್ಚಿನ ಹಾಗೆ ಮಾಡಿಕೊಂಡು ತಿರುಗಿಸಬೇಕು. ಲೆನ್ಸಿನ ಒಳಗೆ ಎಲ್ಲಿ? ಮುಂದಿನಿಂದ ಇಣುಕಿ ನೋಡಿ. ಬೆಳಕು ಒಳಗೆ ಬಿಡುವ ಅಪರ್ಚರ್‌ನ ತೂತು ಒಂದು ಆಳದಲ್ಲಿ ಇದ್ದ ಹಾಗೆ ಕಾಣುತ್ತದೆ. ಆ ಜಾಗ. ಕೆಲವರು ಇದನ್ನು ನೋಡಲ್ ಪಾಯಿಂಟ್ ಅನ್ನುತ್ತಾರೆ. ಹೆಸರು ತಪ್ಪು, ಆದರೆ ಅಂಗಡಿಯಲ್ಲಿ ಕೇಳುವಾಗ ಅದನ್ನೇ ಕೇಳಿ, ಇಲ್ಲವಾದರೆ ಅವರಿಗೆ ಅರ್ಥ ಆಗುವುದಿಲ್ಲ. ಮನೆಯಲ್ಲೇ ಪರೀಕ್ಷೆ ಮಾಡಬಹುದು. ಕಿಟಕಿಯ ಸರಳು ಮತ್ತು ಹೊರಗಿನ ಲೈಟ್ ಕಂಬ ಒಂದೇ ಗೆರೆಗೆ ಬರುವ ಹಾಗೆ ಟ್ರೈಪಾಡ್ ಇಡಿ. ಕ್ಯಾಮೆರಾ ಎಡಕ್ಕೆ ಬಲಕ್ಕೆ ತಿರುಗಿಸಿ. ಸರಳು ಕಂಬದಿಂದ ಬಿಟ್ಟುಕೊಂಡರೆ ಕ್ಯಾಮೆರಾವನ್ನು ಸ್ವಲ್ಪ ಹಿಂದಕ್ಕೋ ಮುಂದಕ್ಕೋ ಸರಿಸಿ ಮತ್ತೆ ನೋಡಿ. ಎಷ್ಟು ತಿರುಗಿಸಿದರೂ ಎರಡೂ ಅಂಟಿಕೊಂಡೇ ಇದ್ದರೆ ಅಚ್ಚು ಸಿಕ್ಕಿತು. ಅಲ್ಲೊಂದು ಗೀಟು ಹಾಕಿಡಿ. ಜೂಮ್ ಲೆನ್ಸ್ ಆದರೆ ಜೂಮ್ ಬದಲಿಸಿದಾಗಲೆಲ್ಲ ಇದು ಬದಲಾಗುತ್ತದೆ.

"ಬೇಲೂರಲ್ಲಿ ಟ್ರೈಪಾಡ್ ಬಿಡಲ್ವಲ್ಲ ಸರ್?" ಎಂದು ಅಲ್ಲಿಂದ ಯಾರೋ ಕೇಳಿದರು. ಹೌದು. ಪುರಾತತ್ವ ಇಲಾಖೆಯ ಜಾಗಗಳಲ್ಲಿ ಟ್ರೈಪಾಡಿಗೆ ಮೊದಲೇ ಅನುಮತಿ ಬೇಕು. ಬೇಲೂರಿನ ಅಂಗಳ ಪ್ಯಾರಲಾಕ್ಸಿಗೆ ತುಂಬಾ ಕೆಟ್ಟ ಜಾಗ. ನೆಲಕ್ಕೆ ಉದ್ದಕ್ಕೂ ಕಲ್ಲು ಹಾಸಿದೆ. ಕಲ್ಲಿನ ಸಂದುಗಳು ನೇರ ಗೆರೆ. ಒಂದು ಸಂದು ಎರಡು ಬೆರಳು ಕಡಿದು ಹೋದರೂ ಕಣ್ಣಿಗೆ ಹೊಡೆಯುತ್ತದೆ. ಇದಕ್ಕೆ ಒಂದು ಅಗ್ಗದ ಉಪಾಯ ಇದೆ. ಗಾರೆ ಕೆಲಸದವರು ಗೋಡೆ ನೇರ ಇದೆಯಾ ಎಂದು ನೋಡಲು ದಾರಕ್ಕೆ ಗುಂಡು ಕಟ್ಟಿ ಇಳಿಬಿಡುತ್ತಾರಲ್ಲ, ಹಾಗೆ. ಲೆನ್ಸಿಗೆ ಒಂದು ರಬ್ಬರ್ ಬ್ಯಾಂಡ್, ಅದಕ್ಕೆ ದಾರ, ದಾರದ ತುದಿಗೆ ಒಂದು ನಟ್ಟು. ನೆಲದ ಮೇಲೆ ಒಂದು ರೂಪಾಯಿ ನಾಣ್ಯ ಇಡಿ. ನಟ್ಟು ಯಾವಾಗಲೂ ನಾಣ್ಯದ ಮೇಲೇ ತೂಗಬೇಕು. ಕ್ಯಾಮೆರಾ ನಿಂತಲ್ಲೇ ತಿರುಗಬೇಕು, ನೀವು ಅದರ ಸುತ್ತ ಹೆಜ್ಜೆ ಹಾಕಬೇಕು. ನೋಡಿದವರು ಮಾಟ ಮಾಡುತ್ತಿದ್ದಾನೆ ಅಂದುಕೊಳ್ಳಬಹುದು. ನನಗೆ ಒಬ್ಬರು ಅಜ್ಜಿ ಇನ್ನೊಂದು ರೂಪಾಯಿ ಹಾಕಿ ಹೋದರು.

ಒಂದು ಮಾತು. ಮಧ್ಯಾಹ್ನ ಹೋಗಬೇಡಿ. ಚಪ್ಪಲಿ ಹೊರಗೆ ಬಿಟ್ಟಿರುತ್ತೀರಿ, ಕಲ್ಲು ಕಾದಿರುತ್ತದೆ. ಕಾಲು ಸುಡುವಾಗ ನಾಣ್ಯದ ಮೇಲೆ ಯಾರಿಗೂ ಗಮನ ಇರುವುದಿಲ್ಲ.

ಕ್ಯಾಮೆರಾ ಸೆಟ್ಟಿಂಗ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆಟೋ ಅನ್ನುವುದನ್ನೆಲ್ಲ ಬಂದ್ ಮಾಡಿ. ಎಕ್ಸ್‌ಪೋಷರ್, ಫೋಕಸ್, ಐಎಸ್‌ಒ, ವೈಟ್ ಬ್ಯಾಲೆನ್ಸ್, ನಾಲ್ಕೂ ಮೊದಲ ಫೋಟೋದಿಂದ ಕೊನೆಯವರೆಗೆ ಒಂದೇ ಇರಲಿ. ದೃಶ್ಯದಲ್ಲಿ ಎಲ್ಲಿ ಬೆಳಕು ಹೆಚ್ಚೋ ಅಲ್ಲಿ ಬೆಳ್ಳಗೆ ಸುಟ್ಟು ಹೋಗದ ಹಾಗೆ ನೋಡಿಕೊಂಡು ಲಾಕ್ ಮಾಡಿ. ಶುರು ಮಾಡುವ ಮೊದಲು ನಿಮ್ಮ ಅಂಗೈಯ ಫೋಟೋ ಒಂದು, ಮುಗಿದ ಮೇಲೆ ಒಂದು ತೆಗೆಯಿರಿ. ಮನೆಗೆ ಬಂದು 400 ಫೋಟೋ ಎದುರು ಕೂತಾಗ ಎಲ್ಲಿಂದ ಎಲ್ಲಿಗೆ ಒಂದು ಸೆಟ್ ಎಂದು ಅಂಗೈಗಳೇ ಹೇಳುತ್ತವೆ.

ಪೋಲರೈಸರ್ ಫಿಲ್ಟರ್ ಮಾತ್ರ ಬಿಚ್ಚಿಡಿ. ಹಿರೇಕೊಳಲೆ ಕೆರೆ ಹತ್ತಿರ ನಾನು ಇದನ್ನು ಕಲಿತೆ. ನೀರಿನ ಹೊಳಪು ಕಡಿಮೆ ಆಗಲಿ ಎಂದು ಹಾಕಿದ್ದೆ. ಸೂರ್ಯನಿಗೆ 90 ಡಿಗ್ರಿ ಪಕ್ಕದ ಆಕಾಶದಲ್ಲಿ ಆ ಫಿಲ್ಟರ್ ಕೆಲಸ ಜೋರು, ಅಲ್ಲಿಂದ ಆಚೀಚೆ ಹೋದ ಹಾಗೆ ಕಡಿಮೆ ಆಗುತ್ತದೆ. ಒಂದೇ ಫೋಟೋದಲ್ಲಿ ಅದು ಅಷ್ಟು ಗೊತ್ತಾಗುವುದಿಲ್ಲ. ಅರ್ಧ ಸುತ್ತು ತಿರುಗಿದರೆ ಆಕಾಶದ ಮಧ್ಯೆ ಪೆಟ್ಟು ಬಿದ್ದ ಹಾಗೆ ಒಂದು ಕಡುನೀಲಿ ಕಲೆ ಬರುತ್ತದೆ. ಹೊಲಿಗೆಯ ಗೆರೆ ಆಗಿದ್ದರೆ ಸಾಫ್ಟ್‌ವೇರ್ ಮುಚ್ಚುತ್ತಿತ್ತು. ಅದು ಆಕಾಶದಂಥ ನಿಧಾನ ಬದಲಾಗುವ ಬಣ್ಣವನ್ನು ಅಗಲವಾಗಿ ಬೆರೆಸುತ್ತದೆ, ಎಲೆ ಕಲ್ಲಿನಂಥ ಸಣ್ಣ ವಿವರವನ್ನು ಕಿರಿದಾದ ಜಾಗದಲ್ಲಿ ಬೆರೆಸುತ್ತದೆ. 1983ರಲ್ಲಿ ಬರ್ಟ್ ಮತ್ತು ಆಡೆಲ್ಸನ್ ತೋರಿಸಿದ ದಾರಿ ಅದು, ಇವತ್ತಿಗೂ ನಡೆಯುತ್ತಿದೆ. ಆದರೆ ಫಿಲ್ಟರಿನ ಕಲೆ ಫೋಟೋಗಳ ಒಳಗೇ ಇರುತ್ತದೆ. ಅದನ್ನು ಯಾವ ಬೆರಕೆಯೂ ತೆಗೆಯದು.

ಇನ್ನು ಹಳೇಬೀಡು. ಅಲ್ಲಿ ಇಷ್ಟು ಹೊತ್ತು ಹೇಳಿದ್ದೆಲ್ಲ ತಲೆಕೆಳಗಾಗುತ್ತದೆ. ಹೊಯ್ಸಳೇಶ್ವರ ಗುಡಿಯ ಗೋಡೆಯ ಬುಡದಲ್ಲಿ ಸಾಲುಸಾಲು ಕೆತ್ತನೆ. ಕೆಳಗೆ ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಪುರಾಣದ ಕತೆಗಳು, ಮಕರ, ಹಂಸ. ಒಂದೇ ಕಡೆ ನಿಂತು ತಿರುಗಿದರೆ ಎದುರಿನ ಆನೆ ದೊಡ್ಡದು, ಪಕ್ಕದವು ಓರೆಯಾಗಿ ಸಣ್ಣದಾಗುತ್ತಾ ಹೋಗುತ್ತವೆ. ಆ ಸಾಲನ್ನು ಸಾಲಾಗಿಯೇ ನೋಡಬೇಕೆಂದರೆ ಗೋಡೆಯ ಜೊತೆ ನಡೆಯಬೇಕು. ಗೋಡೆಯಿಂದ ಒಂದೇ ದೂರ, ಕ್ಯಾಮೆರಾ ನೇರ ಎದುರಿಗೆ, ಒಂದು ಹೆಜ್ಜೆ ಒಂದು ಫೋಟೋ.

ಇದು ಹೊಸದೇನಲ್ಲ. ಲಿನಿಯಸ್ ಟ್ರೈಪ್ ಎಂಬ ಮದ್ರಾಸ್ ಸೇನೆಯ ಅಧಿಕಾರಿ 1854ರ ಕೊನೆಯಲ್ಲಿ ಬೇಲೂರು, ಹಳೇಬೀಡಿಗೆ ಬಂದು ಫೋಟೋ ತೆಗೆದಿದ್ದ. ನಮ್ಮ ಗುಡಿಗಳ ತೀರಾ ಹಳೆಯ ಫೋಟೋಗಳು ಅವು. ಅದೇ ಮನುಷ್ಯ 1858ರಲ್ಲಿ ತಂಜಾವೂರಿನ ದೊಡ್ಡ ಗುಡಿಯ ಬುಡದ ಶಾಸನಗಳನ್ನು ಹೀಗೆ ಗೋಡೆ ಜೊತೆ ನಡೆಯುತ್ತಾ ತೆಗೆದ. 21 ಪ್ರಿಂಟುಗಳನ್ನು ಅಂಟಿಸಿದ. ಉದ್ದ ಸುಮಾರು 19 ಅಡಿ. ಸಿಫ್ಟ್ ಇಲ್ಲ, ರಾನ್ಸ್ಯಾಕ್ ಇಲ್ಲ. ಕತ್ತರಿ, ಅಂಟು, ಕಣ್ಣು.

ಹಳೇಬೀಡಿನಲ್ಲಿ ನನಗೆ ಆದ ತೊಂದರೆ ಬೇರೆ. ಕೆತ್ತನೆ ಆಳವಾಗಿದೆ. ಹೆಜ್ಜೆ ಸರಿದಾಗ ಸೊಂಡಿಲಿನ ಹಿಂದಿನ ನೆರಳು ಬದಲಾಗಿ ಕಾಣುತ್ತದೆ, ಅಲ್ಲೂ ಪ್ಯಾರಲಾಕ್ಸ್. ಗೋಡೆ ನಕ್ಷತ್ರದ ಹಾಗೆ ಮಡಚಿಕೊಂಡು ಹೋಗುವುದರಿಂದ ಪ್ರತಿ ಮೂಲೆಯಲ್ಲೂ ಹೊಲಿಗೆ ಕಡಿಯುತ್ತದೆ. ಕೊನೆಗೆ ನಾನು ಒಂದೊಂದು ಮುಖವನ್ನು ಬೇರೆಬೇರೆಯಾಗಿ ಹೊಲಿದೆ, ಮೂಲೆಗಳನ್ನು ಹಾಗೇ ಬಿಟ್ಟೆ. ಆನೆಗಳೆಲ್ಲ ಒಂದೇ ತರ ಇವೆ, ಸಾಫ್ಟ್‌ವೇರ್‌ಗೆ ಗೊಂದಲ ಆಗುತ್ತದೆ ಎಂದು ಹೆದರಿದ್ದೆ. ಆಗಲಿಲ್ಲ. ಕೈಯಲ್ಲಿ ಕಡೆದದ್ದು ನೋಡಿ, ಎಲ್ಲೋ ಒಂದು ಕಿವಿ, ಎಲ್ಲೋ ಒಂದು ಸೊಂಡಿಲು ಬೇರೆ. ಅದೇ ಸಾಫ್ಟ್‌ವೇರ್ ಒಂದೇ ಅಚ್ಚಿನ ಕಾಂಪೌಂಡ್ ಜಾಲಿಯ ಎದುರು ಪೂರ್ತಿ ದಿಕ್ಕೆಟ್ಟಿತ್ತು.

ಇಲ್ಲಿ ಇನ್ನೊಂದು ಹೇಳಲೇಬೇಕು. ಹೊಲಿದ ಮೇಲೆ ಅಂಚು ಅಂಕುಡೊಂಕು ಇರುತ್ತದೆ. ಈಗ ಒಂದು ಬಟನ್ ಒತ್ತಿದರೆ ಖಾಲಿ ಮೂಲೆಯನ್ನು ಕಂಪ್ಯೂಟರೇ ತುಂಬಿಸುತ್ತದೆ. ಆಕಾಶ, ಹುಲ್ಲು ಆದರೆ ತುಂಬಿಸಿಕೊಳ್ಳಿ, ನನಗೇನೂ ಇಲ್ಲ. ಹಳೇಬೀಡಿನ ಗೋಡೆಗೆ ಒಮ್ಮೆ ಒತ್ತಿ ನೋಡಿದೆ. ಮೂಲೆಯಲ್ಲಿ ಒಂದು ಆನೆ ಬಂತು. ಯಾವ ಶಿಲ್ಪಿಯೂ ಕಡೆಯದ ಆನೆ. ಕತ್ತರಿಸಿ ಹಾಕಿದೆ.

ಪನೋರಮಾ ಎಂಬ ಪದವೇ ಫೋಟೋಗಿಂತ ಹಳೆಯದು. ರಾಬರ್ಟ್ ಬಾರ್ಕರ್ ಎಂಬ ಚಿತ್ರಕಾರ 1787ರಲ್ಲಿ ಸುತ್ತಲೂ ಕಾಣುವ ಇಂಥ ಚಿತ್ರಕ್ಕೆ ಪೇಟೆಂಟ್ ತೆಗೆದುಕೊಂಡ. ದುಂಡನೆಯ ಕಟ್ಟಡ, ಒಳಗೋಡೆಗೆ ಸುತ್ತಲೂ ಚಿತ್ರ, ಜನ ನಡುವೆ ನಿಂತು ನೋಡುವುದು. ಆ ಹುಚ್ಚಿನ ಕಾಲದಲ್ಲಿ ನಮ್ಮ ಶ್ರೀರಂಗಪಟ್ಟಣವೂ ಲಂಡನ್ನಿಗೆ ಹೋಯಿತು. ಟಿಪ್ಪು ಸತ್ತ 1799ರ ಕೋಟೆ ದಾಳಿಯನ್ನು ರಾಬರ್ಟ್ ಕರ್ ಪೋರ್ಟರ್ ಎಂಬಾತ ಮರುವರ್ಷವೇ ಸುಮಾರು 120 ಅಡಿ ಉದ್ದದ ಬಟ್ಟೆಯ ಮೇಲೆ ಬಿಡಿಸಿದ. ದುಡ್ಡು ಕೊಟ್ಟು ನೋಡಿದರು ಜನ. ಚಿತ್ರ ಆಮೇಲೆ ಬೆಂಕಿಗೆ ಹೋಯಿತು. ಗೆದ್ದವರ ಕಡೆಯಿಂದ ಬಿಡಿಸಿದ್ದು ಎಂದು ಬೇರೆ ಹೇಳಬೇಕಿಲ್ಲ.

ನಮ್ಮ ಸಾಫ್ಟ್‌ವೇರ್‌ನಲ್ಲಿ ಹೊಲಿದ ಫೋಟೋವನ್ನು ಹಾಸುವ ಬಗೆಗಳಲ್ಲಿ ಸಿಲಿಂಡ್ರಿಕಲ್ ಎಂದು ಒಂದು ಬರುತ್ತದಲ್ಲ, ಅದು ಬಾರ್ಕರನ ದುಂಡು ಗೋಡೆಯೇ. ಅವನು ಜನರನ್ನು ನಡುವೆ ನಿಲ್ಲಿಸಿದ. ನಾವು ಆ ಗೋಡೆಯನ್ನು ಕತ್ತರಿಸಿ ಚಾಪೆ ಹಾಗೆ ಹಾಸುತ್ತೇವೆ. ಹಾಸಿದಾಗ ಮರ, ಕಂಬ ನೇರ ನಿಲ್ಲುತ್ತವೆ. ಆದರೆ ಎದುರಿಗೆ ಅಡ್ಡ ಹಾದುಹೋಗುವ ನೇರ ರಸ್ತೆ ಬಾಳೆಹಣ್ಣಿನ ಹಾಗೆ ಬಾಗುತ್ತದೆ. ಬೆಟ್ಟಕ್ಕೆ ಇದು ಒಪ್ಪುತ್ತದೆ. ನಮ್ಮ ಚಂದ್ರದ್ರೋಣ ಸಾಲು ಮೊದಲೇ ಲಾಳದ ಹಾಗೆ ಬಾಗಿದ್ದು, ಜಾಗರ ಕಣಿವೆ ಕಡೆಯಿಂದ ನೋಡಿದರೆ ಬೆಟ್ಟವೇ ದುಂಡು ಗೋಡೆ. ಕಟ್ಟಡಕ್ಕೆ ಒಪ್ಪುವುದಿಲ್ಲ. ಅದಕ್ಕೆ ರೆಕ್ಟಿಲಿನಿಯರ್ ಬೇಕು, ನೇರ ಗೆರೆ ನೇರವೇ ಇರುತ್ತದೆ. ಅದನ್ನು ನೂರು ಡಿಗ್ರಿ ದಾಟಿಸಿದರೆ ತುದಿಗಳು ಎಳೆದ ರಬ್ಬರ್ ಆಗುತ್ತವೆ. ಒಂದು ಮದುವೆಯಲ್ಲಿ ಹೀಗೆ ಗುಂಪು ಫೋಟೋ ಮಾಡಿಕೊಟ್ಟೆ. ತುದಿಯಲ್ಲಿ ನಿಂತಿದ್ದ ಹುಡುಗಿ ಕಡೆಯ ಸೋದರಮಾವ ಎರಡು ಪಟ್ಟು ದಪ್ಪ ಬಂದರು. ಬಾಕಿ ದುಡ್ಡು ಕೇಳಲು ನನಗೆ ಬಾಯಿ ಬರಲಿಲ್ಲ. ಹೋಂಸ್ಟೇ ಜಾಹೀರಾತುಗಳಲ್ಲಿ ಕೋಣೆ ಬಸ್‌ಸ್ಟ್ಯಾಂಡಿನಷ್ಟು ಅಗಲ ಕಾಣುವುದೂ ಇದೇ ವಿದ್ಯೆ. ಅಲ್ಲಿ ಮಾತ್ರ ಬೇಕಂತಲೇ ಮಾಡುತ್ತಾರೆ.

ಉದ್ದುದ್ದಕ್ಕೂ ಹೊಲಿಯಬಹುದು. ಶ್ರವಣಬೆಳಗೊಳದ ಗೊಮ್ಮಟ 57 ಅಡಿ. ಪಾದದ ಹತ್ತಿರ ನಿಂತರೆ ಒಂದು ಫೋಟೋಗೆ ಸಿಗುವುದಿಲ್ಲ. ಕೆಳಗಿನಿಂದ ಮೇಲಕ್ಕೆ ನಾಲ್ಕು ತೆಗೆದು ಹೊಲಿದೆ. ಪೂರ್ತಿ ಸಿಕ್ಕಿತು, ಆದರೆ ಪಾದ ಬಂಡೆಯಷ್ಟು, ತಲೆ ನಿಂಬೆಹಣ್ಣಿನಷ್ಟು. ನಾನು ನಿಂತದ್ದು ಪಾದದ ಹತ್ತಿರ, ಫೋಟೋ ಅದನ್ನೇ ಹೇಳಿತು. ಆಮೇಲೆ ಅಂಗಳದಲ್ಲಿ ಎಷ್ಟು ಹಿಂದೆ ಹೋಗಲು ಆಗುತ್ತದೋ ಅಷ್ಟು ಹೋಗಿ, ಉದ್ದ ಲೆನ್ಸ್ ಹಾಕಿ, ಹೆಚ್ಚು ಫೋಟೋ ತೆಗೆದು ಹೊಲಿದೆ. ಮುಖಕ್ಕೆ ಅದರ ಅಳತೆ ಸ್ವಲ್ಪ ವಾಪಸ್ ಬಂತು.

ಮೊಬೈಲ್ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. ಮೊಬೈಲು ನೀವು ತಿರುಗಿಸುತ್ತಾ ಹೋದ ಹಾಗೆ ಸಣ್ಣ ಸಣ್ಣ ಪಟ್ಟಿ ಕತ್ತರಿಸಿ ಅಲ್ಲೇ ಅಂಟಿಸುತ್ತದೆ. ಕೈ ಚಾಚಿ ಮೈ ತಿರುಗಿಸಬೇಡಿ. ಮೊಬೈಲಿನ ಲೆನ್ಸ್ ಇರುವ ಜಾಗವನ್ನೇ ಅಚ್ಚು ಮಾಡಿಕೊಂಡು ತಿರುಗಿಸಿ, ನಾಣ್ಯ ನೆನಪಿರಲಿ. ಚಲಿಸುವ ವಸ್ತು ಬಂದರೆ ತಮಾಷೆ. ನೀವು ತಿರುಗುವ ದಿಕ್ಕಿಗೇ ಬಸ್ ಹೋದರೆ ರೈಲಿನಷ್ಟು ಉದ್ದ ಆಗುತ್ತದೆ. ಎದುರು ದಿಕ್ಕಿಗೆ ಹೋದರೆ ಆಟೋ ಆಗುತ್ತದೆ.

ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಸರ್ಕಟ್ ಎಂಬ ಕ್ಯಾಮೆರಾ ಇತ್ತು. ಕೀಲಿ ಕೊಟ್ಟರೆ ತಾನೇ ನಿಧಾನಕ್ಕೆ ತಿರುಗುತ್ತಾ ಉದ್ದನೆ ಫಿಲ್ಮಿನ ಮೇಲೆ ಇಡೀ ಶಾಲೆಯ ಗುಂಪು ಫೋಟೋ ತೆಗೆಯುತ್ತಿತ್ತು. ಒಂದು ತುದಿಯಲ್ಲಿ ನಿಂತ ತುಂಟ ಹುಡುಗ ಕ್ಯಾಮೆರಾ ತನ್ನನ್ನು ದಾಟಿದ ಕೂಡಲೇ ಸಾಲಿನ ಹಿಂದಿನಿಂದ ಓಡಿ ಇನ್ನೊಂದು ತುದಿ ಸೇರಿಕೊಳ್ಳುತ್ತಿದ್ದನಂತೆ. ಫೋಟೋದಲ್ಲಿ ಎರಡು ಕಡೆ ಅವನೇ.

ನಾವೂ ಮಾಡಿ ನೋಡೋಣ ಎಂದು ಎಲ್ಲರೂ ಹೊರಗೆ ಬಂದೆವು. ಎಲ್ಲರನ್ನೂ ನನ್ನ ಸುತ್ತ ಅರ್ಧ ಚಂದ್ರದ ಹಾಗೆ ನಿಲ್ಲಿಸಿದೆ. ಯಾರದ್ದೋ ಜೊತೆ ಬಂದಿದ್ದ ಎಂಟು ವರ್ಷದ ಹುಡುಗನನ್ನು ಎಡತುದಿಗೆ ಹಾಕಿದೆ. ಮೊಬೈಲ್ ನಿಧಾನಕ್ಕೆ ತಿರುಗಿಸಿದೆ. "ಓಡು!" ಎಂದು ಎಲ್ಲರೂ ಕೂಗಿದರು. ಸಾಲಿನ ನಡುವೆ ನಕ್ಕು ಅಲ್ಲಾಡಿದ ಇಬ್ಬರಿಗೆ ಮೂಗು ಎರಡಾಯಿತು. ಹುಡುಗ ಮಾತ್ರ ಎರಡೂ ತುದಿಯಲ್ಲಿ ಸರಿಯಾಗಿ ಬಂದ. ಬಲಗಡೆಯವನ ಕಾಲಲ್ಲಿ ಒಂದು ಚಪ್ಪಲಿ ಇರಲಿಲ್ಲ.